ಲಾಕ್‌ಡೌನ್‌ನಲ್ಲಿ ಹೊಗೆ ಇಳಿಯಿತು, ಇಂಗಾಲದ ಗೆರೆ ಯಾಕೆ ಬಾಗಲಿಲ್ಲ?

ಗಾಳಿಲೆಕ್ಕ:
ಕೋವಿಡ್ ಮತ್ತು ಪರಿಸರದ ಬಗ್ಗೆ ಒಂದು ಚಾರ್ಟ್ ಮಾಡುತ್ತಿದ್ದೇನೆ, ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟರೆ ಒಂದಕ್ಕೊಂದು ತಾಳೆಯಾಗುತ್ತಿಲ್ಲ. 2020ರ ಏಪ್ರಿಲ್ ಮೊದಲ ವಾರದಲ್ಲಿ ಜಗತ್ತಿನ ದಿನದ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆ 2019ರ ಸರಾಸರಿಗಿಂತ ಶೇ. 17 ಕಡಿಮೆ ಇತ್ತು. ಅದೇ ವರ್ಷದ ಮೇ ತಿಂಗಳಲ್ಲಿ ಹವಾಯಿಯ ಮೌನಾ ಲೋವಾ ವೀಕ್ಷಣಾಲಯ ದಾಖಲಿಸಿದ ಸರಾಸರಿ 417.1 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಇಷ್ಟು ಭಾಗ), ಹಿಂದಿನ ಮೇಗಿಂತ 2.4ರಷ್ಟು ಜಾಸ್ತಿ. ಎರಡೂ ಸರಿಯೇ? ಸರಿಯಿದ್ದರೆ, "ಕೋವಿಡ್‌ನಿಂದ ಪರಿಸರ ಸುಧಾರಿಸಿತು" ಎಂಬ ಮಾತಿನಲ್ಲಿ ಎಷ್ಟು ಉಳಿಯುತ್ತದೆ? ಹವಾಮಾನ ಒಪ್ಪಂದಗಳ ಮೇಲೆ ಆದ ಪರಿಣಾಮ ಬಲ್ಲವರಿದ್ದರೆ ಅದನ್ನೂ ಬರೆಯಿರಿ. ಹಂಸ ಬಂತು, ಡಾಲ್ಫಿನ್ ಬಂತು ಅನ್ನುವ ಫೋಟೊಗಳು ಬೇಡ, ದಯವಿಟ್ಟು.

ಪಿಪಿಎಂ_ಮೇಷ್ಟ್ರು:
ಎರಡೂ ಸರಿ. ಒಂದು, ಆಯಾ ಹೊತ್ತಿಗೆ ಹೊರಬಿಡುವ ಲೆಕ್ಕ; ಇನ್ನೊಂದು, ಗಾಳಿಯಲ್ಲಿ ಕೂಡಿಬಿದ್ದಿರುವ ಲೆಕ್ಕ. ಕೈಯಲ್ಲೇ ಮಾಡಿ ನೋಡಿ.

ವಾತಾವರಣದಲ್ಲಿ 1 ಪಿಪಿಎಂ ಏರಬೇಕಾದರೆ ಸುಮಾರು 780 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಅಲ್ಲೇ ಉಳಿಯಬೇಕು. ಅಂತಾರಾಷ್ಟ್ರೀಯ ಇಂಧನ ಸಂಸ್ಥೆಯ ಲೆಕ್ಕದಂತೆ 2020ರಲ್ಲಿ ಇಂಧನದಿಂದ ಬರುವ ಹೊರಸೂಸುವಿಕೆ ಶೇ. 5.8 ಇಳಿಯಿತು, ಅಂದರೆ ಹೆಚ್ಚುಕಡಿಮೆ 200 ಕೋಟಿ ಟನ್. 200ನ್ನು 780ರಿಂದ ಭಾಗಿಸಿದರೆ 0.26 ಪಿಪಿಎಂ. ಬಿಟ್ಟದ್ದೆಲ್ಲ ಗಾಳಿಯಲ್ಲಿ ಉಳಿಯುವುದಿಲ್ಲ, ಅರ್ಧಕ್ಕಿಂತ ಸ್ವಲ್ಪ ಹೆಚ್ಚನ್ನು ಸಮುದ್ರ ಮತ್ತು ಗಿಡಮರ ಹೀರುತ್ತವೆ. ಉಳಿಯುವ ಪಾಲು ಶೇ. 45 ಎಂದಿಟ್ಟುಕೊಂಡರೆ ಕೈಗೆ ಸಿಗುವ ವ್ಯತ್ಯಾಸ 0.12 ಪಿಪಿಎಂ ಅಷ್ಟೇ.

ಈಗ ಇದನ್ನು ಮೌನಾ ಲೋವಾ ಗೆರೆಯ ಮೇಲೆ ಇಡಿ. ಒಂದೇ ವರ್ಷದಲ್ಲಿ ಋತುಮಾನದ ಏರಿಳಿತವೇ 6-7 ಪಿಪಿಎಂ. ಎಲ್ ನಿನೊ ವರ್ಷ, ಬರದ ವರ್ಷ ಎಂದು ವಾರ್ಷಿಕ ಏರಿಕೆಯ ವೇಗ ಹೆಚ್ಚುಕಡಿಮೆಯಾಗುವುದು ಸುಮಾರು 1 ಪಿಪಿಎಂ. 0.12 ಎಂಬುದು ಆ ಗದ್ದಲದೊಳಗೆ ಮುಳುಗಿಹೋಗುತ್ತದೆ. ಗೆರೆ ಬಾಗಲಿಲ್ಲ ಎಂಬುದು ಅಳತೆಯ ದೋಷ ಅಲ್ಲ, ಬಾಗುವಷ್ಟು ಇಳಿಕೆಯೇ ಆಗಲಿಲ್ಲ.

ಸಂಶಯಿ:
ನನ್ನ ತಕರಾರು ಆ ಶೇ. 17ರ ಮೇಲೆಯೇ. ಪ್ರತಿ ಕಾರಿನ ಹಿಂದೆ, ಪ್ರತಿ ಚಿಮಣಿಯ ಮೇಲೆ ಯಾರೂ ಮೀಟರ್ ಕೂರಿಸಿರಲಿಲ್ಲ. ದೇಶಗಳ ಹೊರಸೂಸುವಿಕೆಯ ಅಧಿಕೃತ ಲೆಕ್ಕಪಟ್ಟಿ ಬರುವುದೇ ಒಂದೆರಡು ವರ್ಷ ತಡವಾಗಿ. ಮೇ ತಿಂಗಳಲ್ಲೇ ಏಪ್ರಿಲ್‌ನ ಅಂಕಿ ಎಲ್ಲಿಂದ ಬಂತು?

ಉಪಗ್ರಹನೋಟ:
ಒಳ್ಳೆಯ ತಕರಾರು. ಆ ಶೇ. 17 ಕೊಟ್ಟ ಹವಾಮಾನ ವಿಜ್ಞಾನಿ ಕೊರಿನ್ ಲೆ ಕ್ವೆರೆ ಮತ್ತು ಸಂಗಡಿಗರ ವಿಧಾನ ಹೀಗಿತ್ತು. ಜಗತ್ತಿನ ಹೊರಸೂಸುವಿಕೆಯ ಶೇ. 97 ಪಾಲಿನ 69 ದೇಶಗಳನ್ನು ತೆಗೆದುಕೊಂಡರು. ಪ್ರತಿ ದೇಶದ ನಿರ್ಬಂಧಕ್ಕೆ ದಿನದಿನವೂ 0ಯಿಂದ 3ರ ತನಕ ಅಂಕ ಕೊಟ್ಟರು: 0 ಎಂದರೆ ನಿರ್ಬಂಧವಿಲ್ಲ, 3 ಎಂದರೆ ಅಗತ್ಯ ಕೆಲಸದವರನ್ನು ಬಿಟ್ಟು ಎಲ್ಲರೂ ಮನೆಯಲ್ಲಿ. ಆಮೇಲೆ ಆರು ವಲಯಗಳಲ್ಲಿ ಒಂದೊಂದು ಅಂಕಕ್ಕೆ ಚಟುವಟಿಕೆ ಎಷ್ಟು ಕುಸಿಯುತ್ತದೆ ಎಂದು ವಿದ್ಯುತ್ ಬಳಕೆ, ರಸ್ತೆ ಸಂಚಾರ, ಫೋನ್ ಚಲನವಲನ, ವಿಮಾನ ಹಾರಾಟದ ದತ್ತಾಂಶದಿಂದ ಅಂದಾಜು ಮಾಡಿ ಗುಣಿಸಿದರು. ಅಂದರೆ ಅದು ಅಳತೆ ಅಲ್ಲ, ಅಂದಾಜು. ಅವರೇ ಕೊಟ್ಟ ವ್ಯಾಪ್ತಿ ಶೇ. 11ರಿಂದ 25. ಪತ್ರಿಕೆಗಳಲ್ಲಿ ಆ ವ್ಯಾಪ್ತಿ ಉದುರಿಹೋಗಿ ಬರೀ 17 ಉಳಿಯಿತು.

ಒಳಗಿನ ವಿವರ ಇನ್ನೂ ರುಚಿಕರ. ಏಪ್ರಿಲ್ ಮೊದಲ ವಾರದ ಆ ಹೊತ್ತಿಗೆ ವಿಮಾನಯಾನ ಶೇ. 60 ಕುಸಿದಿತ್ತು, ಆದರೆ ಒಟ್ಟು ಇಳಿಕೆಯಲ್ಲಿ ಅದರ ಪಾಲು ಚಿಕ್ಕದು. ರಸ್ತೆ ಸಾರಿಗೆ ಶೇ. 36 ಇಳಿದು, ಒಟ್ಟು ಇಳಿಕೆಯ ಶೇ. 43ನ್ನು ಅದೊಂದೇ ಕೊಟ್ಟಿತು. ವಿದ್ಯುತ್ ಉತ್ಪಾದನೆ ಇಳಿದದ್ದು ಶೇ. 7.4 ಮಾತ್ರ, ಮನೆಬಳಕೆ ಶೇ. 2.8 ಏರಿತು. ಇಡೀ ಜಗತ್ತು ಬಾಗಿಲು ಹಾಕಿಕೊಂಡು ಕೂತಾಗಲೂ ಸ್ಥಾವರಗಳು, ಕುಲುಮೆಗಳು ಬಹುಪಾಲು ಉರಿಯುತ್ತಲೇ ಇದ್ದವು.

ಪಿಪಿಎಂ_ಮೇಷ್ಟ್ರು:
ಅಲ್ಲೇ ಇರುವುದು ವಿಷಯ. ಬಳಕೆ ಇಳಿಯಿತು, ಯಂತ್ರ ಬದಲಾಗಲಿಲ್ಲ. ಹಾಗಾಗಿ ಬಾಗಿಲು ತೆಗೆದ ಕೂಡಲೇ ಹಿಂದಿನ ಮಟ್ಟ. 2020ರ ಡಿಸೆಂಬರ್‌ನಲ್ಲೇ ಹೊರಸೂಸುವಿಕೆ 2019ರ ಡಿಸೆಂಬರ್‌ಗಿಂತ ಶೇ. 2 ಮೇಲಿತ್ತು. 2021ರಲ್ಲಿ ಸುಮಾರು ಶೇ. 6 ಜಿಗಿದು 3,630 ಕೋಟಿ ಟನ್ ಮುಟ್ಟಿತು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2019ರಲ್ಲಿ ಹೇಳಿದ್ದು, ತಾಪ ಏರಿಕೆ 1.5 ಡಿಗ್ರಿಯಲ್ಲಿ ನಿಲ್ಲಬೇಕಾದರೆ 2020ರಿಂದ 2030ರ ತನಕ ಪ್ರತಿ ವರ್ಷ ಶೇ. 7.6 ಇಳಿಸಬೇಕು ಎಂದು. ಬೀಗ ಹಾಕಿದ ವರ್ಷವೂ ಆ ಗುರಿ ತಲುಪಲಿಲ್ಲ. ಇದನ್ನು ನೋಡಿ "ಹಾಗಾದರೆ ಅದು ಸಾಧ್ಯವೇ ಇಲ್ಲ" ಎನ್ನುವವರಿದ್ದಾರೆ. ನನ್ನ ಓದು ಬೇರೆ: ಜನರನ್ನು ಮನೆಯಲ್ಲಿ ಕೂರಿಸುವುದು ಹೊರಸೂಸುವಿಕೆ ಇಳಿಸುವ ಅತಿ ದುಬಾರಿ, ಅತಿ ದುರ್ಬಲ ದಾರಿ ಎಂದಷ್ಟೇ ಇದರಿಂದ ಸಾಬೀತಾಗುತ್ತದೆ.

ಸಂಶಯಿ:
ಗಾಳಿ ಶುದ್ಧವಾದದ್ದಂತೂ ಕಣ್ಣಿಗೇ ಕಂಡಿತಲ್ಲ? ಉಪಗ್ರಹದ ನಕ್ಷೆಯಲ್ಲಿ ಮಾಲಿನ್ಯ ತೋರಿಸುವ ಕೆಂಪು ಬಣ್ಣವೇ ಮಾಯ.

ಉಪಗ್ರಹನೋಟ:
ಆ ನಕ್ಷೆಗಳನ್ನು ಓದುವಾಗ ಎಡವುವ ಜಾಗಗಳು ಬೇಕಾದಷ್ಟಿವೆ. ಅದು ತೋರಿಸುವುದು ವಾಹನ, ಸ್ಥಾವರಗಳ ಹೊಗೆಯಲ್ಲಿರುವ ನೈಟ್ರೋಜನ್ ಡೈಆಕ್ಸೈಡ್ ಅನಿಲವನ್ನು, ಸೆಂಟಿನೆಲ್-5ಪಿ ಉಪಗ್ರಹದ ಟ್ರೋಪೋಮಿ ಉಪಕರಣದ್ದು.

ಮೊದಲನೆಯ ಎಡವಟ್ಟು, ಜನವರಿಯನ್ನು ಮಾರ್ಚ್ ಜೊತೆ ಹೋಲಿಸುವುದು. ಉತ್ತರಾರ್ಧ ಗೋಳದಲ್ಲಿ ಚಳಿಗಾಲ ಕಳೆದು ಬಿಸಿಲು ಏರಿದಂತೆ ಈ ಅನಿಲದ ಆಯುಷ್ಯ ತಾನಾಗಿಯೇ ಕಡಿಮೆಯಾಗುತ್ತದೆ, ಲಾಕ್‌ಡೌನ್ ಇಲ್ಲದಿದ್ದರೂ ಕೆಂಪು ಮಸುಕಾಗುತ್ತದೆ. ಚೀನಾದ ನಕ್ಷೆಯಾದರೆ ಅಲ್ಲಿನ ಹೊಸ ವರ್ಷದ ರಜೆಯ ಇಳಿಕೆ ಬೇರೆ ಸೇರಿರುತ್ತದೆ. ಹಿಂದಿನ ವರ್ಷದ ಅದೇ ವಾರದ ಜೊತೆ ಹೋಲಿಸಬೇಕು, ಅದೂ ದಿನಾಂಕದ ಪ್ರಕಾರ ಅಲ್ಲ, ಹಬ್ಬದ ಪ್ರಕಾರ ಹೊಂದಿಸಿ.

ಎರಡನೆಯದು ಗಾಳಿ. ಜೋರು ಗಾಳಿಯ ವಾರ ಮತ್ತು ಬೀಸದ ವಾರದ ನಡುವೆ ಲಾಕ್‌ಡೌನ್‌ಗಿಂತ ದೊಡ್ಡ ವ್ಯತ್ಯಾಸ ಬರಬಹುದು. ಗಾಳಿಯ ವೇಗ, ದಿಕ್ಕು, ಕೆಳವಾತಾವರಣದ ಮಿಶ್ರಣ ಪದರದ ಎತ್ತರ, ತಾಪಮಾನ ಇವನ್ನು ಇಟ್ಟುಕೊಂಡು "ಲಾಕ್‌ಡೌನ್ ಇಲ್ಲದಿದ್ದರೆ ಈ ದಿನ ಎಷ್ಟಿರುತ್ತಿತ್ತು" ಎಂದು ಮಾದರಿ ಕಟ್ಟಿ, ಅದರಿಂದ ನಿಜ ಅಳತೆಯನ್ನು ಕಳೆಯಬೇಕು. ಹೀಗೆ ಮಾಡಿದಾಗ ಹಲವು ನಗರಗಳ ಇಳಿಕೆ ಮೊದಲು ಹೇಳಿದ್ದಕ್ಕಿಂತ ಕಡಿಮೆ ಬಂತು.

ಮೂರನೆಯದು ಮೋಡ. ದತ್ತಾಂಶದ ಪ್ರತಿ ಬಿಂದುವಿನ ಜೊತೆ ಗುಣಮಟ್ಟದ ಒಂದು ಅಂಕ ಬರುತ್ತದೆ, 0.75ಕ್ಕಿಂತ ಕೆಳಗಿನದ್ದನ್ನು ಬಿಡಬೇಕು. ಬಿಟ್ಟ ಮೇಲೆ ಎಷ್ಟು ದಿನ ಉಳಿದವು ಎಂದೂ ಎಣಿಸಿ. ತಿಂಗಳಲ್ಲಿ ನಾಲ್ಕೇ ದಿನದ ಸರಾಸರಿಯನ್ನು "ಏಪ್ರಿಲ್ ಸರಾಸರಿ" ಎಂದು ಕರೆದ ನಕ್ಷೆಗಳಿಗೆ ಕೊರತೆಯಿಲ್ಲ.

ಇನ್ನೊಂದು ಮಾತು: ನೈಟ್ರೋಜನ್ ಡೈಆಕ್ಸೈಡ್ ಇಳಿದರೆ ಎಲ್ಲವೂ ಇಳಿಯಿತು ಎಂದಲ್ಲ. ವಾಹನದಿಂದ ಬರುವ ನೈಟ್ರಿಕ್ ಆಕ್ಸೈಡ್ ನಗರದೊಳಗಿನ ಓಝೋನನ್ನು ತಿಂದುಹಾಕುತ್ತದೆ. ವಾಹನ ನಿಂತಾಗ ತಿನ್ನುವವರಿಲ್ಲ, ಹಾಗಾಗಿ ಅನೇಕ ನಗರಗಳಲ್ಲಿ ನೆಲಮಟ್ಟದ ಓಝೋನ್ ಏರಿತು. ಉತ್ತರ ಚೀನಾದಲ್ಲಿ ಲಾಕ್‌ಡೌನ್ ನಡುವೆಯೇ ದಟ್ಟ ಮಬ್ಬು ಕವಿದದ್ದೂ ಉಂಟು. ತೇವಾಂಶ ಹೆಚ್ಚಿತ್ತು, ಗಾಳಿ ನಿಂತಿತ್ತು, ಮೇಲಾಗಿ ಈ ಓಝೋನ್ ಕಣಗಳ ರಚನೆಗೆ ಕುಮ್ಮಕ್ಕು ಕೊಟ್ಟಿತು.

ಹಸಿರುಮನೆ:
ಮಿಥೇನ್ ಕಥೆಯನ್ನು ಯಾರೂ ಎತ್ತಲಿಲ್ಲ. 2020ರಲ್ಲಿ ವಾತಾವರಣದ ಮಿಥೇನ್ ಏರಿದ್ದು 15 ಪಿಪಿಬಿ (ನೂರು ಕೋಟಿ ಭಾಗದಲ್ಲಿ ಇಷ್ಟು ಭಾಗ), 2021ರಲ್ಲಿ ಸುಮಾರು 18. 1983ರಲ್ಲಿ ವ್ಯವಸ್ಥಿತ ಅಳತೆ ಶುರುವಾದ ಮೇಲೆ ಅಷ್ಟು ಏರಿಕೆ ಆಗಿರಲಿಲ್ಲ. ತೈಲಬಾವಿಗಳ ಸೋರಿಕೆ ಎಂದು ಮೊದಲು ಎಲ್ಲರ ಬೆರಳು ಅತ್ತ ಹೋಯಿತು. ಆಮೇಲಿನ ವಿಶ್ಲೇಷಣೆ ಹೇಳಿದ್ದು, 2020ರ ಹೆಚ್ಚಳದಲ್ಲಿ ಸುಮಾರು ಅರ್ಧ ಜೌಗು ಪ್ರದೇಶಗಳದ್ದು, ಇನ್ನರ್ಧ ಹೈಡ್ರಾಕ್ಸಿಲ್ ಕಡಿಮೆಯಾದದ್ದರಿಂದ.

ಹೈಡ್ರಾಕ್ಸಿಲ್ ಎಂದರೆ ವಾತಾವರಣದ ಕಸಗುಡಿಸುವ ಕಣ. ಒಂದು ಸೆಕೆಂಡಿನಷ್ಟು ಬದುಕಿ, ಅಷ್ಟರಲ್ಲೇ ಮಿಥೇನ್ ಮೇಲೆ ಬಿದ್ದು ಅದನ್ನು ಒಡೆಯುತ್ತದೆ. ಇದು ಮರುಹುಟ್ಟು ಪಡೆಯಲು ನೈಟ್ರೋಜನ್ ಆಕ್ಸೈಡ್‌ಗಳು ನೆರವಾಗುತ್ತವೆ. ವಾಹನ, ವಿಮಾನ, ಹಡಗು ನಿಂತವು, ನೈಟ್ರೋಜನ್ ಆಕ್ಸೈಡ್ ಇಳಿಯಿತು, ಹೈಡ್ರಾಕ್ಸಿಲ್ ಇಳಿಯಿತು, ಮಿಥೇನ್ ಹೆಚ್ಚು ಹೊತ್ತು ಉಳಿಯಿತು. ಹೊಗೆ ಕಡಿಮೆಯಾದದ್ದೇ ಒಂದು ಹಸಿರುಮನೆ ಅನಿಲ ಹೆಚ್ಚಲು ಕಾರಣ! ಕಲ್ಲಿದ್ದಲು, ತೈಲದ ಹೊಗೆಯಿಂದ ಬರುವ ಸಲ್ಫೇಟ್ ಕಣಗಳದ್ದೂ ಇದೇ ಜಾತಿಯ ಲೆಕ್ಕ. ಅವು ಬಿಸಿಲನ್ನು ವಾಪಸು ಕಳಿಸುತ್ತವೆ, ವಾರದೊಳಗೆ ಉದುರಿಹೋಗುತ್ತವೆ. ಅವು ಕಡಿಮೆಯಾದಾಗ ತಾತ್ಕಾಲಿಕವಾಗಿ ಚೂರು ಬಿಸಿಯೇ ಏರಿತು. ಎಲ್ಲ ಕೂಡಿ ಕಳೆದು 2030ರ ಹೊತ್ತಿಗೆ ಲಾಕ್‌ಡೌನ್ ಕೊಡುವ ತಂಪು 0.01 ಡಿಗ್ರಿ ಸೆಲ್ಸಿಯಸ್ ಎಂಬುದು ಹವಾಮಾನ ವಿಜ್ಞಾನಿ ಪಿಯರ್ಸ್ ಫಾರ್ಸ್ಟರ್ ತಂಡದ ಅಂದಾಜು.

ಗಾಳಿಲೆಕ್ಕ:
ಇದು ಗೊತ್ತಿರಲಿಲ್ಲ, ಧನ್ಯವಾದ. ಕಸದ ಬಗ್ಗೆ? "ತಿಂಗಳಿಗೆ 12,900 ಕೋಟಿ ಮಾಸ್ಕ್" ಎಂಬ ಅಂಕಿ ಎಲ್ಲೆಡೆ ಕಾಣುತ್ತದೆ.

ಹಳದಿಚೀಲ:
ಆ ಅಂಕಿಯನ್ನು ಚಾರ್ಟಿಗೆ ಹಾಕಬೇಡಿ. ಇಟಲಿಗೆ ತಿಂಗಳಿಗೆ 100 ಕೋಟಿ ಮಾಸ್ಕ್ ಬೇಕಾಗಬಹುದು ಎಂಬ ಅಂದಾಜನ್ನು ತೆಗೆದುಕೊಂಡು ಜಗತ್ತಿನ ಜನಸಂಖ್ಯೆಗೆ ಹಿಗ್ಗಿಸಿದ್ದು ಅದು. 780 ಕೋಟಿಯನ್ನು 6 ಕೋಟಿ ಚಿಲ್ಲರೆಯಿಂದ ಭಾಗಿಸಿ, ಅದೇ 129 ಬರುತ್ತದೆ. ಯಾರೂ ಎಣಿಸಿದ್ದಲ್ಲ.

ಎಣಿಕೆ ಬೇಕಾದರೆ ವಿಶ್ವ ಆರೋಗ್ಯ ಸಂಸ್ಥೆಯ 2022ರ ಫೆಬ್ರವರಿ ವರದಿ ನೋಡಿ. 2020ರ ಮಾರ್ಚ್‌ನಿಂದ 2021ರ ನವೆಂಬರ್ ತನಕ ವಿಶ್ವಸಂಸ್ಥೆಯ ಜಂಟಿ ವ್ಯವಸ್ಥೆಯ ಮೂಲಕ ಕೊಂಡು ದೇಶಗಳಿಗೆ ಕಳಿಸಿದ ಪಿಪಿಇ (ಸುರಕ್ಷಾ ಉಡುಪು, ಮಾಸ್ಕ್, ಕೈಗವಸು) ಸುಮಾರು 87,000 ಟನ್. 14 ಕೋಟಿಗೂ ಹೆಚ್ಚು ಪರೀಕ್ಷಾ ಕಿಟ್‌ಗಳಿಂದ 2,600 ಟನ್ ಸೋಂಕುರಹಿತ ಕಸ, 7,31,000 ಲೀಟರ್ ರಾಸಾಯನಿಕ ತ್ಯಾಜ್ಯ. 800 ಕೋಟಿ ಡೋಸ್ ಲಸಿಕೆಯ ಸಿರಿಂಜು, ಸೂಜಿ, ಸುರಕ್ಷಾ ಪೆಟ್ಟಿಗೆ ಸೇರಿ 1,44,000 ಟನ್. ಆ ವರದಿಯ ಪ್ರಕಾರ ಕೋವಿಡ್‌ನ ಹೊರೆ ಬಿಡಿ, ಇದ್ದ ಕಸವನ್ನೇ ಸಂಭಾಳಿಸುವ ವ್ಯವಸ್ಥೆ ಶೇ. 30 ಆರೋಗ್ಯ ಕೇಂದ್ರಗಳಲ್ಲಿ ಇರಲಿಲ್ಲ.

ಕೆಟ್ಟದ್ದು ಎಲ್ಲಿ ಎಂದು ಹತ್ತಿರದಿಂದ ನೋಡೋಣ. ಹೆದರಿಕೆಯಲ್ಲಿ ಊಟದ ತಟ್ಟೆ, ಖಾಲಿ ಡಬ್ಬ, ಸೋಂಕಿಲ್ಲದ ಪ್ಯಾಕಿಂಗ್ ಎಲ್ಲವೂ ಹಳದಿ ಚೀಲಕ್ಕೆ, ಅಂದರೆ ಸುಡಬೇಕಾದ ಸೋಂಕಿನ ಕಸದ ಚೀಲಕ್ಕೆ ಬಿದ್ದವು. ಪಿಪಿಇ ತೂಕದಲ್ಲಿ ಹಗುರ, ಗಾತ್ರದಲ್ಲಿ ದೊಡ್ಡದು. ಬಹುಪಾಲು ಪಾಲಿಪ್ರೊಪಿಲೀನ್, ಉರಿದರೆ ಹೆಚ್ಚುಕಡಿಮೆ ಡೀಸೆಲ್‌ನಷ್ಟೇ ಶಾಖ. ಒದ್ದೆ ಕಸಕ್ಕೆ ಹೊಂದಿಸಿದ ದಹನಯಂತ್ರಕ್ಕೆ ಅದನ್ನೇ ರಾಶಿ ಹಾಕಿದರೆ ಒಮ್ಮೆಲೇ ಧಗ್ಗೆಂದು ಹತ್ತುತ್ತದೆ, ಒಳಗೆ ಆಮ್ಲಜನಕ ಸಾಲದೆ ಕಪ್ಪು ಹೊಗೆ ಕಾರುತ್ತದೆ. ಎರಡನೆಯ ಕೋಣೆಯಲ್ಲಿ ಅನಿಲ 1,100 ಡಿಗ್ರಿಯಲ್ಲಿ ಕನಿಷ್ಠ 2 ಸೆಕೆಂಡ್ ನಿಲ್ಲಬೇಕು. ಹೊರೆ ಹೆಚ್ಚಾದಾಗ ಅನಿಲ ಅದಕ್ಕೂ ಮುಂಚೆ ದಾಟಿಬಿಡುತ್ತದೆ. ಪಿವಿಸಿ ಕೊಳವೆ ಸೇರಿದ್ದರೆ ಕ್ಲೋರಿನ್ ಸಿಕ್ಕಿತು, ಹೊಗೆ 450ರಿಂದ 200 ಡಿಗ್ರಿಗೆ ನಿಧಾನವಾಗಿ ತಣಿಯುವಾಗ ಡಯಾಕ್ಸಿನ್ ಎಂಬ ವಿಷ ಮತ್ತೆ ಕಟ್ಟಿಕೊಳ್ಳುತ್ತದೆ. ಅದಕ್ಕೇ ಆ ಹಂತವನ್ನು ಥಟ್ಟನೆ ತಣಿಸಿ ದಾಟಿಸಬೇಕು. ಸುಡುವ ಚೀಲದ ಮೇಲೆ ಬ್ಲೀಚ್ ಸುರಿಯುವುದು ಅಂಥದ್ದೇ ತಪ್ಪು: ಸೋಂಕು ಹೇಗೂ ಬೆಂಕಿಯಲ್ಲಿ ಸಾಯುತ್ತದೆ, ನೀವು ಕೊಟ್ಟದ್ದು ಬರೀ ಕ್ಲೋರಿನ್.

ಸುಡುವ ಬದಲು ಆಟೊಕ್ಲೇವ್ (ಒತ್ತಡದ ಹಬೆಯಲ್ಲಿ ಸೋಂಕು ಕೊಲ್ಲುವ ಯಂತ್ರ) ಇದ್ದರೆ 121 ಡಿಗ್ರಿಯ ಹಬೆಯಲ್ಲಿ ಕನಿಷ್ಠ 30 ನಿಮಿಷ. ಇಲ್ಲಿ ತಪ್ಪುವುದು ಚೀಲದ ಗಂಟಿನಲ್ಲಿ. ಎರಡು ಪದರ ಚೀಲವನ್ನು ಬಿಗಿಯಾಗಿ ಕಟ್ಟಿದರೆ ಒಳಗಿನ ಗಾಳಿ ಹೊರಬರದು, ಹಬೆ ಒಳಹೋಗದು, ಮೇಲಿನ ಸೂಚಕ ಪಟ್ಟಿ ಮಾತ್ರ "ಆಯಿತು" ಎಂದು ಬಣ್ಣ ಬದಲಿಸುತ್ತದೆ. ಶಾಖಕ್ಕೆ ಬೇಗ ಸಾಯದ ಬ್ಯಾಕ್ಟೀರಿಯಾ ಬೀಜಕಗಳಿರುವ ಜೈವಿಕ ಸೂಚಕವನ್ನು ಚೀಲದ ನಡುವೆ ಇಟ್ಟು ಪರೀಕ್ಷಿಸಿದರೆ ನಿಜ ಗೊತ್ತಾಗುತ್ತದೆ.

ಸಂಶಯಿ:
ಮಾಸ್ಕ್ ಪ್ಲಾಸ್ಟಿಕ್ ತಾನೆ, ಮರುಬಳಕೆ ಯಾಕೆ ಮಾಡಲಿಲ್ಲ?

ಹಳದಿಚೀಲ:
ಬಿಚ್ಚಿ ನೋಡಿ. ಮೂರು ಪದರ ಪಾಲಿಪ್ರೊಪಿಲೀನ್, ನಡುವಿನದ್ದು ಅತಿ ಸಣ್ಣ ಎಳೆಯ ಮೆಲ್ಟ್‌ಬ್ಲೋನ್. ಮೂಗಿನ ಮೇಲೆ ಲೋಹದ ತಂತಿ. ಕಿವಿಗೆ ನೈಲಾನ್ ಜೊತೆ ಹಿಗ್ಗುವ ದಾರ. ಮೂರು ಜಾತಿಯ ವಸ್ತು, ಒಂದಕ್ಕೊಂದು ಬೆಸೆದದ್ದು, ತೂಕ ಮೂರ್ನಾಲ್ಕು ಗ್ರಾಂ. ಕೈಯಿಂದ ಬಿಡಿಸುವ ಖರ್ಚು ಸಿಗುವ ಪ್ಲಾಸ್ಟಿಕ್ಕಿನ ಬೆಲೆಗಿಂತ ಎಷ್ಟೋ ಮೇಲೆ. ಬಿಡಿಸದೆ ಹಾಕಿದರೆ ದಾರ ವಿಂಗಡಣೆ ಯಂತ್ರದ ಉರುಳೆಗೆ ಸುತ್ತಿಕೊಳ್ಳುತ್ತದೆ. ಕಸ ಕಡಿಮೆ ಮಾಡುವ ದಾರಿ ಅದಕ್ಕೂ ಮೊದಲೇ ಇತ್ತು: ಲಸಿಕೆ ಚುಚ್ಚಲು ಕೈಗವಸು ಬೇಕಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿತ್ತು, ಆದರೂ ಎಲ್ಲೆಡೆ ತೊಟ್ಟರು.

ಕಡತಯಾತ್ರಿ:
ಒಪ್ಪಂದಗಳ ಪ್ರಶ್ನೆಗೆ ಬರುತ್ತೇನೆ. ನನ್ನ ಪ್ರಕಾರ ಸಾಂಕ್ರಾಮಿಕದ ಬಾಳುವ ಪರಿಣಾಮ ಗಾಳಿಯಲ್ಲಿಲ್ಲ, ಕಡತದಲ್ಲಿದೆ. ಗಡುವು, ಆಧಾರ ವರ್ಷ (ಯಾವ ವರ್ಷಕ್ಕೆ ಹೋಲಿಸಿ ಅಳೆಯುವುದು), ಹಣಕಾಸು, ಈ ಮೂರರಲ್ಲಿ.

ಗಡುವು: ಗ್ಲಾಸ್ಗೋದ ಕಾಪ್26, ಅಂದರೆ ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನ, 2020ರ ನವೆಂಬರ್‌ನಲ್ಲಿ ನಡೆಯಬೇಕಿತ್ತು, 2021ರ ಅಕ್ಟೋಬರ್ 31ಕ್ಕೆ ಹೋಯಿತು. ಪ್ಯಾರಿಸ್ ಒಪ್ಪಂದದಡಿ ದೇಶಗಳು ಪರಿಷ್ಕೃತ ಗುರಿ ಕೊಡಬೇಕಾದದ್ದು 2020ರೊಳಗೆ. ಸಮ್ಮೇಳನ ಮುಂದೆ ಹೋಯಿತೇ ಹೊರತು ಆ ಗಡುವು ಮುಂದೆ ಹೋಗಿರಲಿಲ್ಲ. ಆದರೂ 2020ರ ಡಿಸೆಂಬರ್ 31ಕ್ಕೆ ಕೊಟ್ಟಿದ್ದು ಒಪ್ಪಂದಕ್ಕೆ ಸೇರಿದ 75 ಸದಸ್ಯರು, ಅವರ ಪಾಲು ಜಗತ್ತಿನ ಹೊರಸೂಸುವಿಕೆಯ ಶೇ. 30 ಮಾತ್ರ. ಅದೇ ಒಪ್ಪಂದದಲ್ಲಿ ಇಂಗಾಲದ ವ್ಯಾಪಾರದ ಕುರಿತ 6ನೇ ವಿಧಿಯ ನಿಯಮ ಸಿದ್ಧವಾಗದೆಯೇ 2021ರ ಜನವರಿ 1 ದಾಟಿತು. ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿ ಐಪಿಸಿಸಿಯ ಮೊದಲ ಕಾರ್ಯತಂಡದ ವರದಿ ಏಪ್ರಿಲ್‌ನಿಂದ ಆಗಸ್ಟ್‌ಗೆ ಜಾರಿತು, ಸಾಲುಸಾಲಾಗಿ ಒಪ್ಪಿಗೆ ಪಡೆಯುವ ಸಭೆ ಪೂರ್ತಿ ಆನ್‌ಲೈನ್‌ನಲ್ಲಿ ನಡೆಯಿತು.

ವಿಜ್ಞಾನದ ವರದಿಗೆ ಆದದ್ದು ಸಂಧಾನಕ್ಕೆ ಆಗಲಿಲ್ಲ. 2021ರ ಮೇ-ಜೂನ್‌ನಲ್ಲಿ ಮೂರು ವಾರ ನಡೆದ ಆನ್‌ಲೈನ್ ಅಧಿವೇಶನದಲ್ಲಿ ಔಪಚಾರಿಕ ನಿರ್ಣಯ ಕೈಗೊಳ್ಳುವುದೇ ಬೇಡ ಎಂದು ಮೊದಲೇ ಒಪ್ಪಿಕೊಂಡಿದ್ದರು. ಯಾಕೆಂದರೆ ಅಲ್ಲಿ ಸರ್ವಾನುಮತ ಬೇಕು. ಪೆಸಿಫಿಕ್ ದ್ವೀಪದ ಪ್ರತಿನಿಧಿಗೆ ನಡುರಾತ್ರಿ, ಲೈನ್ ಕಡಿದರೆ "ಆಕ್ಷೇಪವಿಲ್ಲ" ಎಂದು ಬರೆದುಕೊಳ್ಳಲಾಗುವುದಿಲ್ಲ. ಆವರಣದೊಳಗಿನ ಪಠ್ಯ, ಅಂದರೆ ಇನ್ನೂ ಒಪ್ಪಿಗೆಯಾಗದ ಸಾಲುಗಳನ್ನು, ಬಿಡಿಸುವ ಕೆಲಸ ಬಹುಪಾಲು ನಡೆಯುವುದು ಮೊಗಸಾಲೆಯಲ್ಲಿ, ಇಬ್ಬರು ಮೂವರು ನಿಂತು ಮಾತಾಡುವಾಗ. ಅದಕ್ಕೆ ಪರದೆ ಬದಲಿಯಾಗಲಿಲ್ಲ.

ಹಸಿರುಮನೆ:
ಆದರೆ 2020ರಲ್ಲೇ ದೊಡ್ಡ ಘೋಷಣೆಗಳು ಬಂದವಲ್ಲ? ಸೆಪ್ಟೆಂಬರ್ 22ರಂದು ಚೀನಾ 2060ಕ್ಕೆ ಮುಂಚೆ ಇಂಗಾಲ ಸಮತೋಲನ ಎಂದಿತು. ಸಮ್ಮೇಳನ ಇಲ್ಲದಿದ್ದರೂ ರಾಜಕೀಯ ನಿಲ್ಲಲಿಲ್ಲ.

ಕಡತಯಾತ್ರಿ:
ಒಪ್ಪುತ್ತೇನೆ, "ಎಲ್ಲ ಸ್ಥಗಿತ" ಎನ್ನುವುದು ತಪ್ಪು. ಘೋಷಣೆಗೆ ಒಂದು ವೇದಿಕೆ ಸಾಕು, ನಿಯಮಕ್ಕೆ ಎಲ್ಲರೂ ಒಂದೇ ಕೋಣೆಯಲ್ಲಿ ಇರಬೇಕು.

ಆಧಾರ ವರ್ಷದ ವಿಷಯ ಜನರ ಗಮನಕ್ಕೇ ಬರಲಿಲ್ಲ. ಅಂತಾರಾಷ್ಟ್ರೀಯ ವಿಮಾನಯಾನದ ಕಾರ್ಸಿಯಾ ಯೋಜನೆಯಲ್ಲಿ ಆಧಾರ ಮಟ್ಟ 2019 ಮತ್ತು 2020ರ ಸರಾಸರಿ ಆಗಿತ್ತು, ಅದರ ಮೇಲೆ ಬಿಟ್ಟದ್ದಕ್ಕೆ ಕಂಪನಿಗಳು ಪರಿಹಾರ ಕ್ರೆಡಿಟ್ (ಬೇರೆಡೆ ಹೊರಸೂಸುವಿಕೆ ತಗ್ಗಿಸಿದ್ದರ ಪತ್ರ) ಕೊಳ್ಳಬೇಕು. ಉದಾಹರಣೆಗೆ 2019ನ್ನು 100 ಎನ್ನಿ, 2020 ಕುಸಿದು 40 ಎನ್ನಿ. ಸರಾಸರಿ 70. ಹಾರಾಟ 90ಕ್ಕೆ ಮರಳಿದರೆ 20ರಷ್ಟಕ್ಕೆ ಕ್ರೆಡಿಟ್ ಕೊಳ್ಳಬೇಕಾಗುತ್ತಿತ್ತು. 2020ರ ಜೂನ್ 30ರಂದು ಐಕಾವೊ (ವಿಶ್ವಸಂಸ್ಥೆಯ ನಾಗರಿಕ ವಿಮಾನಯಾನ ಸಂಸ್ಥೆ) ಮಂಡಳಿ 2021-23ರ ಪ್ರಾಯೋಗಿಕ ಹಂತಕ್ಕೆ 2019 ಒಂದನ್ನೇ ಆಧಾರ ಮಾಡಿತು. ಈಗ 90ಕ್ಕೆ ಬಂದರೂ ಕೊಳ್ಳಬೇಕಾದದ್ದು ಸೊನ್ನೆ. 2022ರ ಸಭೆಯಲ್ಲಿ 2024ರಿಂದ 2019ರ ಶೇ. 85 ಎಂದು ನಿಗದಿಯಾಯಿತು, ಅಂದರೆ ಅದೇ ಉದಾಹರಣೆಯಲ್ಲಿ ಗೆರೆ 85. ಒಂದು ಸಾಲಿನ ತಿದ್ದುಪಡಿ, ಮೂರು ವರ್ಷದ ಹೊಣೆ ಮಾಯ.

ಸಂಶಯಿ:
ಕಂಪನಿಗಳು ಮುಳುಗುತ್ತಿದ್ದವು. ಹಾರದೇ ಇದ್ದ ವರ್ಷವನ್ನು ಆಧಾರ ಮಾಡಿದರೆ ಅನ್ಯಾಯ ಅಲ್ಲವೇ?

ಕಡತಯಾತ್ರಿ:
ಅಪರೂಪದ ವರ್ಷವನ್ನು ಆಧಾರದಿಂದ ತೆಗೆಯುವುದು ತಪ್ಪಲ್ಲ, ಅಂಕಿಅಂಶದ ದೃಷ್ಟಿಯಿಂದ ಸರಿಯೇ. ನನ್ನ ತಕರಾರು, ತೆಗೆದ ಮೇಲೆ ಗೆರೆಯನ್ನು ಬೇರೆ ರೀತಿಯಲ್ಲಿ ಬಿಗಿ ಮಾಡಲು 2024ರ ತನಕ ಕಾದದ್ದು.

ಇದರ ಎದುರಿಗೆ ಯುರೋಪಿನ ಹೊರಸೂಸುವಿಕೆ ವಹಿವಾಟು ಇಟ್ಟು ನೋಡಿ. 2008ರ ಆರ್ಥಿಕ ಕುಸಿತದ ನಂತರ ಅಲ್ಲಿ ಕಂಪನಿಗಳು ಕೊಂಡು ಮಾರುವ ಹೊರಸೂಸುವ ಪರವಾನಗಿಗಳು (ಒಂದಕ್ಕೆ ಒಂದು ಟನ್) ಮಿಕ್ಕಿ, 2013ರ ಹೊತ್ತಿಗೆ 200 ಕೋಟಿ ಟನ್ನಿಗೂ ಮಿಕ್ಕ ಹೆಚ್ಚುವರಿ ಬಿದ್ದಿತ್ತು, ಬೆಲೆ ವರ್ಷಗಟ್ಟಲೆ ನೆಲಕಚ್ಚಿತ್ತು. ಆ ಪಾಠದಿಂದ 2019ರಲ್ಲಿ ಮಾರುಕಟ್ಟೆ ಸ್ಥಿರತಾ ಮೀಸಲು ಜಾರಿಗೆ ಬಂತು: ಚಲಾವಣೆಯಲ್ಲಿರುವ ಪರವಾನಗಿ 83.3 ಕೋಟಿ ದಾಟಿದರೆ ಅದರ ಶೇ. 24ರಷ್ಟನ್ನು ಹರಾಜಿನಿಂದ ತೆಗೆದು ಮೀಸಲಿಗೆ ಹಾಕುವುದು, ಯಾರೂ ಮತ ಹಾಕಬೇಕಿಲ್ಲ. 2020ರ ಮಾರ್ಚ್‌ನಲ್ಲಿ ಬೆಲೆ ಟನ್ನಿಗೆ ಸುಮಾರು 15 ಯೂರೋಗೆ ಬಿದ್ದರೂ ವರ್ಷಾಂತ್ಯಕ್ಕೆ 30 ದಾಟಿತು. ಆಘಾತ ಬರುವ ಮೊದಲೇ ಬರೆದಿಟ್ಟ ನಿಯಮ ಕೆಲಸ ಮಾಡಿತು. ಆಘಾತದ ಮಧ್ಯೆ ಬರೆದದ್ದು ಕಾರ್ಸಿಯಾದಂತೆ ಆಯಿತು.

ಹಣಕಾಸಿನ ವಿಷಯ ಚುಟುಕಾಗಿ: ಶ್ರೀಮಂತ ದೇಶಗಳು 2020ರೊಳಗೆ ವರ್ಷಕ್ಕೆ 10,000 ಕೋಟಿ ಡಾಲರ್ ಹವಾಮಾನ ನೆರವು ಎಂದಿದ್ದವು. ಶ್ರೀಮಂತ ದೇಶಗಳ ಒಕ್ಕೂಟ ಒಇಸಿಡಿಯ ಲೆಕ್ಕದಲ್ಲಿ ಆ ವರ್ಷ ಬಂದದ್ದು 8,330 ಕೋಟಿ, ಗುರಿ ಮುಟ್ಟಿದ್ದು 2022ರಲ್ಲಿ. 2021ರ ಆಗಸ್ಟ್‌ನಲ್ಲಿ ಐಎಂಎಫ್ 65,000 ಕೋಟಿ ಡಾಲರ್ ಮೌಲ್ಯದ ಎಸ್‌ಡಿಆರ್ (ಸದಸ್ಯ ದೇಶಗಳಿಗೆ ಕೊಡುವ ಮೀಸಲು ಆಸ್ತಿ) ಹಂಚಿತು, ಆದರೆ ಹಂಚಿಕೆ ಕೋಟಾ (ಅಲ್ಲಿ ಆಯಾ ದೇಶಕ್ಕಿರುವ ಪಾಲು) ಪ್ರಕಾರ. ಅಗತ್ಯ ಹೆಚ್ಚಿದ್ದವರಿಗೆ ಪಾಲು ಕಡಿಮೆ.

ಹಸಿರುಮನೆ:
ಚೇತರಿಕೆ ಪ್ಯಾಕೇಜ್‌ಗಳ ಅಂಕಿ ಹಾಕುವಾಗ ಒಂದು ಎಚ್ಚರ. ಆಕ್ಸ್‌ಫರ್ಡ್‌ನ ಎಣಿಕೆಯಲ್ಲಿ 2020ರಲ್ಲಿ ದೊಡ್ಡ ದೇಶಗಳು ಘೋಷಿಸಿದ ಒಟ್ಟು ಖರ್ಚು 14.6 ಲಕ್ಷ ಕೋಟಿ ಡಾಲರ್. ಅದರಲ್ಲಿ ದೀರ್ಘಕಾಲೀನ ಚೇತರಿಕೆಗೆ 1.9 ಲಕ್ಷ ಕೋಟಿ, ಅದರೊಳಗೆ ಹಸಿರು ಎನ್ನಬಹುದಾದದ್ದು ಶೇ. 18. ಈ ಶೇ. 18 ಚೇತರಿಕೆ ಖರ್ಚಿನ ಮೇಲಿನದ್ದು, ಒಟ್ಟು ಖರ್ಚಿನ ಮೇಲೆ ತೆಗೆದರೆ ಶೇ. 2.3 ಮಾತ್ರ. ಯಾವ ಛೇದ ಬಳಸಿದಿರಿ ಎಂದು ಬರೆಯದಿದ್ದರೆ ಎರಡೂ ಕಡೆಯವರು ನಿಮ್ಮ ಚಾರ್ಟನ್ನು ಹಿಡಿದು ಜಗಳವಾಡುತ್ತಾರೆ.

ಗಾಳಿಲೆಕ್ಕ:
ಕೊನೆಯ ಪ್ರಶ್ನೆ. ಹೊರಸೂಸುವಿಕೆಯ ಬೆಳವಣಿಗೆ ದರ ತೋರಿಸಲು ಯಾವ ವರ್ಷದಿಂದ ಶುರು ಮಾಡಲಿ?

ಪಿಪಿಎಂ_ಮೇಷ್ಟ್ರು:
2020ರಿಂದ ಖಂಡಿತ ಬೇಡ. ಅಲ್ಲಿಂದ ಶುರು ಮಾಡಿದರೆ ಎಲ್ಲ ದೇಶಗಳೂ ಜಿಗಿದಂತೆ ಕಾಣುತ್ತವೆ. 2019ನ್ನು 100 ಮಾಡಿ, 2020ರ ಬಿಂದುವನ್ನು ಅಳಿಸದೆ ಟೊಳ್ಳು ವೃತ್ತವಾಗಿ ಇಡಿ. 2021ರ ದರ ಹೇಳುವಾಗ 2019ರಿಂದ ಎರಡು ವರ್ಷದ ಸರಾಸರಿ ಕೊಡಿ. ವಾತಾವರಣದ ಪಿಪಿಎಂ ಗೆರೆಯನ್ನು ಅದರ ಕೆಳಗೆ ಪ್ರತ್ಯೇಕ ಅಕ್ಷದಲ್ಲಿ ಹಾಕಿ, ಒಂದೇ ಚೌಕಟ್ಟಿನಲ್ಲಿ ತುರುಕಬೇಡಿ. ಋತುಮಾನದ ಏರಿಳಿತ ತೆಗೆದ ಗೆರೆಯನ್ನೇ ಬಳಸಿ, ಇಲ್ಲದಿದ್ದರೆ ಮೇಯಿಂದ ಸೆಪ್ಟೆಂಬರ್‌ಗೆ ಇಳಿಯುವುದನ್ನು ನೋಡಿ ಯಾರಾದರೂ "ಲಾಕ್‌ಡೌನ್ ಪರಿಣಾಮ" ಎಂದು ಬಾಣ ಎಳೆಯುತ್ತಾರೆ.